ಜರಡಿಯಿಂದ ಬಂದ ಶಬ್ದ

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ‘ಗಾರ್ಬಲ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನನ್ನನ್ನು ಕೇಳಿದನು. ಆಂಗ್ಲಭಾಷೆಯಲ್ಲಿ ನನ್ನ ಪರಿಶ್ರಮ ಅಲ್ಪ. ನಿಘಂಟನ್ನು ತೆರೆಯಲಾಗಿ, ‘ತಿರುಚಿ ಹೇಳು, ಗೊಂದಲಗೊಳಿಸು’ ಎಂಬ ಅರ್ಥ ದೊರೆಯಿತು. ಅದರ ವ್ಯುತ್ಪತ್ತಿಯನ್ನು ಕಂಡಾಗಲಂತೂ ನಾನು ಬೆರಗಾದೆನು.

ಲ್ಯಾಟಿನ್ ಭಾಷೆಯಲ್ಲಿ ‘ಕ್ರಿಬೆಲ್ಲುಮ್’ ಎಂದರೆ ಸಣ್ಣ ಜರಡಿ. ಆ ಮಾತಿನಿಂದ ಅರಬ್ಬಿಯ ‘ಘಿರ್ಬಾಲ್’ ಹುಟ್ಟಿತು. ಅಲ್ಲಿಂದ ಇಟಲಿಯ ಭಾಷೆಗೆ ಬಂದು, 15ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಆಗ ಅದರ ಅರ್ಥ ಸಾಂಬಾರ ಪದಾರ್ಥಗಳನ್ನು ಜರಡಿಯಾಡಿಸಿ ಕಸಕಡ್ಡಿ ತೆಗೆಯುವುದೆಂದಷ್ಟೆ. ಲಂಡನ್ ನಗರದಲ್ಲಿ ಅಂಗಡಿಗಳನ್ನು ಹೊಕ್ಕು ಸಾಂಬಾರಗಳನ್ನು ಪರೀಕ್ಷಿಸಿ ಶುದ್ಧಿಗೊಳಿಸುವ ‘ಗಾರ್ಬ್ಲರ್’ ಎಂಬ ಅಧಿಕಾರಿಯೇ ಇದ್ದನು. ನಮ್ಮ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಲ್ಲಿಯೂ ಕೆಟ್ಟ ಬೀಜವನ್ನು ಕೈಯಿಂದ ಆರಿಸಿ ತೆಗೆಯುವ ಕೆಲಸಕ್ಕೆ ‘ಗಾರ್ಬ್ಲಿಂಗ್’ ಎಂದೇ ಹೆಸರು.

ಇಂತಹ ನಿರ್ಮಲ ಶಬ್ದವು ಕೆಟ್ಟುದು ಹೇಗೆ? 17ನೆಯ ಶತಮಾನದ ಕೊನೆಯ ವೇಳೆಗೆ, ಒಬ್ಬನ ಮಾತಿನಲ್ಲಿ ತಮಗೆ ಬೇಕಾದುದನ್ನಷ್ಟೇ ಆರಿಸಿ ಉಳಿದುದನ್ನು ಬಿಟ್ಟು, ಅವನ ಆಶಯವನ್ನು ಕೆಡಿಸುವುದಕ್ಕೂ ಇದೇ ಪದ ಸಲ್ಲತೊಡಗಿತು. ಕಾಲಕ್ರಮದಲ್ಲಿ ಆ ಅರ್ಥವೇ ಮುಂದಾಯಿತು.

ಇದನ್ನೋದಿದಾಗ ನನಗೆ ಹಳೆಯ ಪ್ರಸಂಗವೊಂದು ನೆನಪಾಯಿತು. ನಾನು ಅಧ್ಯಾಪಕನಾದ ಹೊಸತು. ಬೇರೊಂದು ಊರಿನ ಶಾಲೆ. ವಸತಿನಿಲಯದಲ್ಲಿ ಮುಂದುವರಿಸಬೇಕೇ ಎಂದು ನಿರ್ಧರಿಸಲು ಬಾಲಕನೊಬ್ಬನ ಬಗ್ಗೆ ನನ್ನಿಂದ ವರದಿ ಕೇಳಿದರು. ‘ಹನ್ನೊಂದು ದಿನ ಗೈರುಹಾಜರಿ, ಕಾಪಿ ಪುಸ್ತಕ ಅಪೂರ್ಣ, ಒಮ್ಮೆ ಎದುರು ಮಾತನಾಡಿದ್ದಾನೆ’ ಎಂದು ಬರೆದುಕೊಟ್ಟೆನು. ಪ್ರತಿಯೊಂದೂ ನಿಜ. ಆ ಹನ್ನೊಂದು ದಿನ ಅವನು ಕಾಯಿಲೆಬಿದ್ದ ತಾಯಿಯ ಬಳಿಯಿದ್ದನೆಂಬುದೂ, ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಅವನಷ್ಟು ಶುದ್ಧವಾಗಿ ಓದುವವರಿರಲಿಲ್ಲವೆಂಬುದೂ ಅಷ್ಟೇ ನಿಜ. ಅವೆರಡನ್ನೂ ನಾನು ಬರೆಯಲಿಲ್ಲ. ಬಾಲಕನಿಗೆ ನಿಲಯದ ಸ್ಥಾನ ತಪ್ಪಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಸಜ್ಜನರು ಮೊರದಂತೆ ದೋಷವನ್ನು ತೂರಿ ಗುಣವನ್ನು ಉಳಿಸಿಕೊಳ್ಳುವರು, ದುರ್ಜನರು ಜರಡಿಯಂತೆ ಸಾರವನ್ನು ಬಿಟ್ಟು ತೌಡನ್ನು ಹಿಡಿಯುವರು ಎಂಬ ಸಂಸ್ಕೃತ ಸುಭಾಷಿತದ ಭಾವವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಂದು ನಾನೇ ಆ ಜರಡಿಯಾಗಿದ್ದೆನೆಂಬುದು ಪರಭಾಷೆಯ ಪದವೊಂದರಿಂದ ತಿಳಿಯಬೇಕಾಯಿತು.

ವಿದ್ಯಾರ್ಥಿಗೆ ಕೊನೆಗೆ ಹೀಗೆಂದೆನು: “ಮಗು, ಸುಳ್ಳು ಹೇಳುವುದಷ್ಟೇ ಅಸತ್ಯವಲ್ಲ. ನಿಜವನ್ನು ಆರಿಸಿ ಆರಿಸಿ ಹೇಳಿಯೂ ಒಬ್ಬನಿಗೆ ಅನ್ಯಾಯ ಮಾಡಬಹುದು. ಆ ಕೆಲಸಕ್ಕೆ ಈ ಹೆಸರು.” ಇಂದಿಗೂ ವರದಿ ಬರೆಯುವಾಗ, ಬಿಟ್ಟದ್ದೇನೆಂದು ಇನ್ನೊಮ್ಮೆ ನೋಡಿಕೊಂಡೇ ಸಹಿ ಮಾಡುತ್ತೇನೆ.