ಸಗಣಿಗಿಲ್ಲದ ಛೀ, ಮಗುವಿನ ಕಕ್ಕಕ್ಕೆ ಯಾಕೆ?

ಊಟ ಮಾಡ್ತಾ ಓದುತ್ತಿದ್ದರೆ ಇದನ್ನ ಆಮೇಲೆ ಓದಿ. ಮೊದಲೇ ಹೇಳಿದ್ದೀನಿ, ಬೈಯಬೇಡಿ :-)

ನಮ್ಮ ಮೂಡಿಗೆರೆ ಕಡೆ ಸಗಣಿಗೆ ಯಾರೂ ಮೂಗು ಮುಚ್ಚಿಕೊಳ್ಳಲ್ಲ. ಬೆಳಗ್ಗೆ ಕೊಟ್ಟಿಗೆ ಸಗಣಿ ಬಾಚಿ ಗೊಬ್ಬರಗುಂಡಿಗೆ ಹಾಕಿ, ಕೈ ತೊಳೆದುಕೊಂಡು ಬಂದು ಆರಾಮಾಗಿ ಕಾಫಿ ಕುಡೀತೀವಿ. ಮನುಷ್ಯರ ಮಲ ಅಂದರೆ ಮಾತ್ರ ಛೀ! ಆ ಪದವೇ ಬಾಯಿಗೆ ಬರಲ್ಲ. 'ಎರಡಕ್ಕೆ', 'ಹೊರಕಡೆ' ಅಂತ ಸುತ್ತಿ ಬಳಸಿ ಹೇಳ್ತೀವಿ.

ನಾನು ಹೈಸ್ಕೂಲಲ್ಲಿದ್ದಾಗ ಒಂದು ಮಳೆಗಾಲ, ಪಕ್ಕದ ಎಸ್ಟೇಟಿನ ಲೈನಿನಲ್ಲಿ ವರ್ಷ ತುಂಬದ ಮಗುವೊಂದು ವಾಂತಿ-ಭೇದಿಯಾಗಿ ತೀರಿಕೊಂಡಿತು. ಹಲ್ಲು ಬರ್ತಿದೆ, ಅದಕ್ಕೇ ಭೇದಿ ಅಂದುಕೊಂಡು ಎರಡು ದಿನ ಕಳೆದಿದ್ದರಂತೆ. ಕೊನೆಗೆ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರೆ, ಎಷ್ಟು ಸಲ ಆಯ್ತು, ಹೇಗಿತ್ತು ಅಂತ ಡಾಕ್ಟರು ಕೇಳಿದ್ದಕ್ಕೆ ಆ ತಾಯಿ ನಾಚಿ ತಲೆ ತಗ್ಗಿಸಿದಳಂತೆ. ಅಮ್ಮ ಈಗಲೂ ಇದನ್ನ ಹೇಳಿ ಕಣ್ಣೊರೆಸಿಕೊಳ್ತಾರೆ. ಆ ಮಗುವಿಗೆ ಏನಾಗಿತ್ತು ಅಂತ ಯಾರೂ ಪರೀಕ್ಷೆ ಮಾಡಲಿಲ್ಲ.

ಎಳೆಮಕ್ಕಳಿಗೆ ಜೋರು ಭೇದಿ ತರುವ ಕಾರಣಗಳಲ್ಲಿ ದೊಡ್ಡದು ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯಾದ ರುತ್ ಬಿಷಪ್ ಮತ್ತು ಅವರ ತಂಡ ಇದನ್ನ ಮಕ್ಕಳ ಕರುಳಿನ ಚೂರಿನಲ್ಲಿ ನೋಡಿದರು. ಕರುಳಿನ ಚೂರು ತೆಗೆಯೋದೇ ಬೇಡ, ಮಲದಲ್ಲೇ ರಾಶಿ ರಾಶಿ ಸಿಗುತ್ತೆ ಅಂತ ಬೇಗನೇ ಗೊತ್ತಾಯಿತು. ಭೇದಿಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಹೆಚ್ಚು ವೈರಸ್ ಕಣಗಳಿರಬಹುದು! ಈ ವೈರಸ್ಸಿನ ಆರ್‌ಎನ್‌ಎ 11 ತುಂಡುಗಳಲ್ಲಿರುತ್ತೆ. ಅದನ್ನ ಮಲದಿಂದ ಬೇರ್ಪಡಿಸಿ, ಜೆಲ್ಲಿನಲ್ಲಿಟ್ಟು ಕರೆಂಟು ಹಾಯಿಸಿದರೆ ಚಿಕ್ಕ ತುಂಡು ಮುಂದೆ ಓಡುತ್ತೆ, ದೊಡ್ಡದು ಹಿಂದೆ ಉಳಿಯುತ್ತೆ. ಥೇಟ್ ಬಾರ್‌ಕೋಡ್ ಥರ 11 ಗೆರೆ.

ಇನ್ನು ನಮ್ಮ ಬೆಂಗಳೂರಿನ ಕಥೆ. 1988ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳ ಮಲ ಪರೀಕ್ಷಿಸಿದರು. ಭೇದಿ ಇಲ್ಲದ, ಹಾಯಾಗಿ ಮಲಗಿದ್ದ ಕೂಸುಗಳಲ್ಲೂ ರೋಟಾವೈರಸ್ ಸಿಕ್ಕಿತು. ನಾವು ಸರ್ವರ್ ಬಿದ್ದಾಗ ಮಾತ್ರ ಲಾಗ್ ತೆಗೆದು ನೋಡೋ ಜನ. ಚೆನ್ನಾಗಿ ಓಡ್ತಿರೋ ಸರ್ವರಿನ ಲಾಗ್ ಯಾರು ನೋಡ್ತಾರೆ ಹೇಳಿ? ಇವರು ನೋಡಿದರು.

ಆ ತಳಿಗೆ ಐ321 ಅಂತ ಹೆಸರು. ಅದರ 11 ಜೀನುಗಳಲ್ಲಿ 9 ದನದ ರೋಟಾವೈರಸ್ಸಿನವು, ಎರಡು ಮಾತ್ರ ಮನುಷ್ಯರ ರೋಟಾವೈರಸ್ಸಿನವು! ಒಂದೇ ಜೀವಕೋಶಕ್ಕೆ ಎರಡು ಬಗೆಯ ವೈರಸ್ ಹೊಕ್ಕಾಗ ತುಂಡುಗಳು ಅದಲು ಬದಲಾಗಿ ಇಂಥ ಮಿಶ್ರತಳಿ ಹುಟ್ಟುತ್ತೆ. ಕೊಟ್ಟಿಗೆಗೂ ತೊಟ್ಟಿಲಿಗೂ ನಾವು ಅಂದುಕೊಂಡಷ್ಟು ದೂರ ಇಲ್ಲ ನೋಡಿ.

ದಿಲ್ಲಿಯ ಏಮ್ಸ್‌ನಲ್ಲೂ ಅಷ್ಟೇ, 1980ರ ದಶಕದಲ್ಲಿ ಭೇದಿಯಿಲ್ಲದ ನವಜಾತ ಶಿಶುಗಳಲ್ಲಿ 116ಇ ಅನ್ನುವ ತಳಿ ಸಿಕ್ಕಿತ್ತು. ಕಾಯಿಲೆ ತರದ ವೈರಸ್ಸೇ ಲಸಿಕೆಯಾಗಬಹುದಲ್ಲ ಅಂತ ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದರು. ಫಲಿತಾಂಶ 2006ರಲ್ಲಿ ಬಂತು. ನಮ್ಮ ಬೆಂಗಳೂರಿನದು ಹಿಂದೆ ಬಿತ್ತು, ದಿಲ್ಲಿಯದು ಗೆದ್ದಿತು. ಅದೇ 2015ರಲ್ಲಿ ಬಿಡುಗಡೆಯಾದ ರೋಟಾವ್ಯಾಕ್. 2016ರಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ರೋಟಾವೈರಸ್ ಲಸಿಕೆ ಸೇರಿತು, 2019ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಈಗ 6, 10, 14ನೇ ವಾರದಲ್ಲಿ ಬಾಯಿಗೆ ಹಾಕ್ತಾರೆ, ದುಡ್ಡು ಕೊಡಬೇಕಿಲ್ಲ.

ಇದೆಲ್ಲ ಶುರುವಾಗಿದ್ದು ಯಾರೋ ಬಾಣಂತಿಯರು ಕೂಸಿನ ಬಟ್ಟೆ ಒಗೆಯೋಕೆ ಮೊದಲು "ತಗೊಳ್ಳಿ" ಅಂದಿದ್ದರಿಂದ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಲಸಿಕೆ ಬಂತು ಅಂತ ಭೇದಿ ಪೂರ್ತಿ ನಿಂತಿಲ್ಲ. ಬೇರೆ ವೈರಸ್ಸುಗಳಿವೆ, ಕೆಟ್ಟ ನೀರಿದೆ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸ್ತಾ ಇರಿ, ಎದೆಹಾಲು ನಿಲ್ಲಿಸಬೇಡಿ. ಎಷ್ಟು ಸಲ ಆಯ್ತು, ನೀರಿನ ಹಾಗಿತ್ತಾ, ರಕ್ತ ಇತ್ತಾ, ಉಚ್ಚೆ ಹೊಯ್ದಿದ್ದು ಯಾವಾಗ, ಎಲ್ಲ ನೋಡಿಟ್ಟುಕೊಂಡು ಡಾಕ್ಟರ ಹತ್ತಿರ ಬಿಡಿಸಿ ಹೇಳಿ. ಇದಕ್ಕೆ ನಾಚಿಕೆ ಬೇಡ.

ನಮ್ಮ ಕಡೆ ಮಗುವಿನ ಭೇದಿಗೆ ಹಲ್ಲು, ದೃಷ್ಟಿ ಅಂತೆಲ್ಲ ಕಾರಣ ಕೊಡ್ತಾರೆ. ನಿಮ್ಮ ಕಡೆ ಏನಂತಾರೆ? ಬರೆದು ತಿಳಿಸಿ.