ಸಾಸಿವೆಗಿಂತ ಕಿರಿದು

ದೊಡ್ಡ ಯಂತ್ರವೊಂದು ಕೆಟ್ಟು ನಿಂತಾಗ ಮನುಷ್ಯನು ದೊಡ್ಡ ಕಾರಣವನ್ನೇ ಹುಡುಕುತ್ತಾನೆ. ಯಂತ್ರ ಹಳೆಯದಾಯಿತು, ಎಂಜಿನ್ ಸವೆದುಹೋಯಿತು, ಇನ್ನು ಗುಜರಿಗೆ ಹಾಕುವುದೇ ಸರಿ ಎಂಬ ತೀರ್ಮಾನಕ್ಕೆ ಬರಲು ಅವನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದರೆ ಸಾಸಿವೆಕಾಳಿಗಿಂತ ಕಿರಿದಾದ ಒಂದು ರಂಧ್ರ ಮುಚ್ಚಿಹೋದರೂ ಯಂತ್ರ ನಿಶ್ಚಲವಾಗಬಲ್ಲದು. ಮೈಸೂರಿನ ಒಂದು ಉದ್ಯಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಒದಗಿದ್ದುದು ಇಂಥದೇ ಸ್ಥಿತಿ.

ಮೃಗಶಿರಾ ಮಳೆ ಹಿಡಿದು ಹತ್ತು ದಿನಗಳಾಗಿದ್ದವು. ಬೇಸಗೆಯಲ್ಲಿ ಕಂದಿಹೋಗಿದ್ದ ಹುಲ್ಲುಹಾಸು ಗೇಣುದ್ದ ಬೆಳೆದು ನಿಂತಿತ್ತು. ತರುಣ ಮಾಲಿಯೊಬ್ಬನು ಯಂತ್ರವನ್ನು ಕೊಠಡಿಯ ಮೂಲೆಯಿಂದ ಹೊರಗೆ ತಂದು ಹಗ್ಗವನ್ನು ಎಳೆದನು. ಎಂಜಿನ್ ಹೊತ್ತಿಕೊಳ್ಳಲಿಲ್ಲ. ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ ಎಳೆದನು. ಕಣ್ಣಿಗೆ ಬಿದ್ದ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿದನು. ಫಲ ದೊರೆಯಲಿಲ್ಲ. ಅವನು ದಿನಗೂಲಿಯ ಮೇಲೆ ಬಂದವನು. ಆ ವರ್ಷವಷ್ಟೇ ಯಂತ್ರವನ್ನು ಅವನ ವಶಕ್ಕೆ ಒಪ್ಪಿಸಲಾಗಿತ್ತು. ಮೇಲ್ವಿಚಾರಕರು ಬಂದು ವಿಚಾರಿಸಿದಾಗ, “ಎಂಜಿನ್ ಸವೆದುಹೋಗಿದೆ, ಸಾರ್” ಎಂದುಬಿಟ್ಟನು. ಅವರು ಆ ಮಾತನ್ನು ನಂಬಿದರು. ಶನಿವಾರ ಅದನ್ನು ಗುಜರಿಯ ಪಟ್ಟಿಗೆ ಸೇರಿಸುವುದಾಗಿ ಹೇಳಿ ಹೊರಟುಹೋದರು.

ಹುಲ್ಲು ಕತ್ತರಿಸುವ ಯಂತ್ರದ ಕಥೆ ಇಂಗ್ಲೆಂಡಿನಲ್ಲಿ ಆರಂಭವಾಗುತ್ತದೆ. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತನು 1830ರಲ್ಲಿ ಇದನ್ನು ರೂಪಿಸಿದನು. ಬಟ್ಟೆಯ ಮೇಲಿನ ನೂಲಿನ ಎಳೆಗಳನ್ನು ಸಮನಾಗಿ ಸವರುವ ಗಿರಣಿಯ ಯಂತ್ರವೇ ಅವನ ಕಲ್ಪನೆಗೆ ಮೂಲವಾಯಿತು. ಮೊದಲು ಮನುಷ್ಯರು ತಳ್ಳುತ್ತಿದ್ದ ಈ ಯಂತ್ರಕ್ಕೆ ಮುಂದೆ ಪೆಟ್ರೋಲ್ ಎಂಜಿನ್ ಬಂದಿತು. ಅದರೊಡನೆ ಕಾರ್ಬ್ಯುರೇಟರ್ ಎಂಬ ಪುಟ್ಟ ಅಂಗವೂ ಬಂದಿತು.

ಪೆಟ್ರೋಲನ್ನು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಸುವುದು ಕಾರ್ಬ್ಯುರೇಟರಿನ ಕೆಲಸ. ಶುದ್ಧ ಪೆಟ್ರೋಲಿನ ಒಂದು ಗ್ರಾಂ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯು ಕಾರ್ಬ್ಯುರೇಟರಿನ ಕಿರಿದಾದ ಕಂಠದ ಮೂಲಕ ಸಾಗುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ಆಗ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಎಂಬ ಹಿತ್ತಾಳೆಯ ತುಣುಕಿನ ರಂಧ್ರದಿಂದ ಮೇಲೇರಿ, ತುಂತುರಾಗಿ ಗಾಳಿಯನ್ನು ಸೇರುತ್ತದೆ. ಬಟ್ಟಲು ತುಂಬಿದಾಗ ಅದರೊಳಗಿನ ತೇಲುಬುರುಡೆ ಮೇಲೆದ್ದು, ಸೂಜಿಯಾಕಾರದ ಕವಾಟವನ್ನು ಮುಚ್ಚಿಸುತ್ತದೆ. ಇಷ್ಟು ಸರಳವಾದ ಸಾಧನವು ದಶಕಗಳ ಕಾಲ ಲೋಕದ ವಾಹನಗಳನ್ನು ಓಡಿಸಿತು. ಭಾರತದಲ್ಲಿ 2020ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಿಂದಲೂ ಅದು ಬಹುಮಟ್ಟಿಗೆ ಮರೆಯಾಯಿತು. ಸಣ್ಣ ಎಂಜಿನುಗಳಲ್ಲಿ ಮಾತ್ರ ಅದು ಇಂದಿಗೂ ಉಳಿದಿದೆ.

ಉದ್ಯಾನದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ವೃದ್ಧ ಮಾಲಿಯೊಬ್ಬರಿದ್ದರು. ಶುಕ್ರವಾರ ಬೆಳಿಗ್ಗೆ ಅವರು ಯಂತ್ರದ ಬಳಿ ಬಂದು ಕುಳಿತರು. “ತಿರುಪನ್ನು ಎಷ್ಟು ಸುತ್ತು ತಿರುಗಿಸಿದೆ, ಮಗ?” ಎಂದು ಕೇಳಿದರು. ತರುಣನಲ್ಲಿ ಉತ್ತರವಿರಲಿಲ್ಲ. “ಎಣಿಸದೆ ತಿರುಗಿಸಿದವನಿಗೆ ಹಿಂದಿರುಗುವ ದಾರಿ ತಿಳಿಯುವುದಿಲ್ಲ” ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು.

ಅವರು ಮೊದಲು ಕಾರ್ಬ್ಯುರೇಟರನ್ನು ಮುಟ್ಟಲೇ ಇಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರು. ಅಷ್ಟು ಬಾರಿ ಹಗ್ಗ ಎಳೆದಿದ್ದರೂ ಅದು ಒಣಗಿತ್ತು. ಎಂದರೆ ಪೆಟ್ರೋಲ್ ಒಳಗೆ ತಲುಪುತ್ತಿರಲಿಲ್ಲ. ಪೆಟ್ರೋಲ್ ಡಬ್ಬಿಯನ್ನು ದೂರವಿರಿಸಿ, ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಸಿದಾಗ ನೀಲಿ ಕಿಡಿ ಹಾರಿತು. ಬಳಿಕ ಪ್ಲಗ್ಗಿನ ರಂಧ್ರದೊಳಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು, ಪ್ಲಗ್ಗನ್ನು ಮರಳಿ ಕೂಡಿಸಿ ಎಳೆಸಿದರು. ಎಂಜಿನ್ ಗುಡುಗುಡಿಸಿ ಎದ್ದು, ಕ್ಷಣಕಾಲ ಓಡಿ ನಿಂತುಹೋಯಿತು. “ಕೇಳಿದೆಯಾ? ಸವೆದುಹೋದ ಎಂಜಿನ್ ಹೀಗೆ ಏಳುವುದಿಲ್ಲ. ಇದಕ್ಕೆ ಹಸಿವು” ಎಂದರು ವೃದ್ಧರು.

ಟ್ಯಾಂಕಿನಿಂದ ಬರುವ ನಳಿಕೆಯನ್ನು ಕಳಚಿದಾಗ ಪೆಟ್ರೋಲ್ ಧಾರಾಳವಾಗಿ ಹರಿಯಿತು. ಆದುದರಿಂದ ದೋಷವು ಕಾರ್ಬ್ಯುರೇಟರಿನ ಒಳಗೇ ಇರಬೇಕೆಂಬುದು ನಿಶ್ಚಯವಾಯಿತು. ಟ್ಯಾಂಕನ್ನು ಬರಿದುಮಾಡಿ, ಪ್ಲಗ್ಗಿನ ತಂತಿಯನ್ನು ಕಳಚಿ, ಬಟ್ಟಲನ್ನು ಬಿಚ್ಚಿದರು. ತಳದಲ್ಲಿ ಕಂದು ಬಣ್ಣದ ಅಂಟು ಹಿಡಿದಿತ್ತು. ಅದರ ನಡುವೆ ನೀರಿನ ಹನಿಗಳು ಮಿನುಗುತ್ತಿದ್ದವು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಅಂಶ ಆವಿಯಾಗಿ, ಉಳಿದುದು ಗಾಳಿಯ ಆಮ್ಲಜನಕದೊಡನೆ ಸೇರಿ ಹೀಗೆ ಅಂಟಾಗುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಬೇರ್ಪಟ್ಟು ತಳ ಸೇರುತ್ತದೆ. ವೃದ್ಧರು ಜೆಟ್ಟನ್ನು ತೆಗೆದು ಆಕಾಶಕ್ಕೆ ಹಿಡಿದರು. ರಂಧ್ರದಲ್ಲಿ ಬೆಳಕು ಕಾಣಲಿಲ್ಲ.

ತರುಣನು ಓಡಿಹೋಗಿ ಹೊಲಿಗೆಯ ಸೂಜಿಯೊಂದನ್ನು ತಂದನು. ವೃದ್ಧರು ಅವನ ಕೈ ತಡೆದರು. ಹಿತ್ತಾಳೆ ಮೃದು, ಉಕ್ಕು ಗಟ್ಟಿ. ಸೂಜಿಯಿಂದ ಚುಚ್ಚಿದರೆ ರಂಧ್ರ ಹಿಗ್ಗುತ್ತದೆ; ಹಿಗ್ಗಿದ ರಂಧ್ರದಿಂದ ಪೆಟ್ರೋಲ್ ಮಿತಿಮೀರಿ ಹರಿದು ಕಪ್ಪು ಹೊಗೆ ಬರುತ್ತದೆ. ಅವರು ಜೆಟ್ಟನ್ನು ಶುಚಿಗೊಳಿಸುವ ದ್ರಾವಣದಲ್ಲಿ ನೆನೆಯಿಟ್ಟು, ನೈಲಾನ್ ಬ್ರಷ್ಷಿನ ಒಂದು ಎಳೆಯನ್ನು ಮೆಲ್ಲನೆ ಒಳಗೆ ಆಡಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿದರು. ಎರಡನೆಯ ಬಾರಿ ಹಿಡಿದು ನೋಡಿದಾಗ ಚುಕ್ಕಿಯಷ್ಟು ಬೆಳಕು ಕಾಣಿಸಿತು. ತೇಲುಬುರುಡೆಯೊಳಗೆ ಪೆಟ್ರೋಲ್ ಸೇರಿಲ್ಲವೆಂಬುದನ್ನು ಕಿವಿಯ ಬಳಿ ಅಲುಗಿಸಿ ಖಚಿತಪಡಿಸಿಕೊಂಡರು.

ಎಲ್ಲವನ್ನೂ ಜೋಡಿಸಿ, ಹೊಸ ಪೆಟ್ರೋಲ್ ತುಂಬಿ ಎಳೆದಾಗ ಎಂಜಿನ್ ಓಡಿತು. ಆದರೆ ಚೋಕ್ ತೆಗೆದೊಡನೆ ಅದರ ಸದ್ದು ಏರುತ್ತ ಇಳಿಯುತ್ತ ತೊಯ್ದಾಡತೊಡಗಿತು. “ಓಡುತ್ತಿದೆಯಲ್ಲ, ತಾತ, ಸಾಕು” ಎಂದನು ತರುಣ. “ಇನ್ನೊಂದು ದಾರಿ ಅರ್ಧ ಮುಚ್ಚಿದೆ. ಈ ಬಾರಿ ನೀನೇ ಬಿಚ್ಚು” ಎಂದು ಹೇಳಿ ವೃದ್ಧರು ಕೈಕಟ್ಟಿ ಕುಳಿತರು. ಎಂಜಿನ್ ತಣಿದ ಮೇಲೆ ಅವನು ಒಂದೊಂದೇ ಭಾಗವನ್ನು ಬಿಚ್ಚಿ ಕ್ರಮವಾಗಿ ಬಟ್ಟೆಯ ಮೇಲೆ ಇಟ್ಟನು. ನಿಧಾನವೇಗದ ಸಣ್ಣ ಜೆಟ್ಟನ್ನು ಶುಚಿಮಾಡಿದನು. ತಾನು ಕೆಡಿಸಿದ್ದ ತಿರುಪನ್ನು ಹಗುರವಾಗಿ ಕೊನೆಯವರೆಗೆ ಮುಚ್ಚಿ, ಎಣಿಸುತ್ತ ಒಂದೂವರೆ ಸುತ್ತು ಬಿಚ್ಚಿದನು. ಅನಂತರ ಎಂಜಿನ್ ಒಂದೇ ಸ್ವರದಲ್ಲಿ ಓಡಿತು.

ಆ ಸದ್ದಿನ ನಡುವೆಯೇ ತರುಣನು ತಲೆತಗ್ಗಿಸಿ ಹೇಳಿದನು: “ಯುಗಾದಿಗೆ ಮುಂಚೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮೂಲೆಗೆ ತಳ್ಳಿದವನು ನಾನೇ, ತಾತ.”

“ಬಟ್ಟಲು ಬಿಚ್ಚಿದಾಗಲೇ ತಿಳಿಯಿತು. ಅದನ್ನು ನನಗೆ ಹೇಳಬೇಕಾದುದಿಲ್ಲ” ಎಂದರು ವೃದ್ಧರು.

ಶನಿವಾರ ಮೇಲ್ವಿಚಾರಕರು ಪಟ್ಟಿ ಹಿಡಿದು ಬಂದಾಗ ಹುಲ್ಲುಹಾಸಿನ ಅರ್ಧಭಾಗ ಸಮನಾಗಿ ಕತ್ತರಿಸಲ್ಪಟ್ಟಿತ್ತು. ತರುಣನು ಯಂತ್ರವನ್ನು ನಿಲ್ಲಿಸಿ ಅವರ ಬಳಿಗೆ ಹೋದನು. ಕೂಲಿ ಹೋಗಬಹುದೆಂಬ ಭಯ ಅವನಿಗೆ ಇಲ್ಲದಿರಲಿಲ್ಲ. ಆದರೂ ನಡೆದುದನ್ನು ಇದ್ದಂತೆಯೇ ಹೇಳಿದನು. ಮೇಲ್ವಿಚಾರಕರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಪಟ್ಟಿಯಲ್ಲಿನ ಒಂದು ಸಾಲನ್ನು ಹೊಡೆದುಹಾಕಿ, “ಮಳೆ ಬರುವ ಮುನ್ನ ಉಳಿದರ್ಧ ಮುಗಿಸು” ಎಂದರು.

ಮುಂದಿನ ಬೇಸಗೆಯ ಹೊತ್ತಿಗೆ ವೃದ್ಧರು ನಿವೃತ್ತರಾಗಿದ್ದರು. ಹುಲ್ಲು ಒಣಗತೊಡಗಿದ ದಿನ ತರುಣನು ಟ್ಯಾಂಕನ್ನು ಬರಿದುಮಾಡಿದನು. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಅದನ್ನು ಓಡಿಸಿದನು. ಅದು ತಣಿಯುವ ತನಕ ಪಕ್ಕದಲ್ಲೇ ಕುಳಿತಿದ್ದು, ಅನಂತರ ಒರೆಸಿ ಒಳಗಿಟ್ಟನು.