ಹರಿಹರದ ಹೊಳೆದಂಡೆಯಲ್ಲಿ ಒಂದು ಮಂಗಳವಾರ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ದಾರಿ. ಬೆಣ್ಣೆದೋಸೆ, ಮಂಡಕ್ಕಿಗಳ ನಗರವನ್ನು ಬೆಳಿಗ್ಗೆಯೇ ಬಿಟ್ಟು ನಾವು ತುಂಗಭದ್ರೆಯ ದಂಡೆಗೆ ಬಂದೆವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳ ತಂಪಿನಲ್ಲಿ ವೃದ್ಧ ತಾಯಿಯೊಬ್ಬರು ಮಗನೊಡನೆ ಬುತ್ತಿ ಬಿಚ್ಚಿ ಕುಳಿತಿದ್ದರು. ಮಗನದು ಬಹುಕಾಲದ ತೀವ್ರ ಮಾನಸಿಕ ಕಾಯಿಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಪಡೆದು ಬಂದಿದ್ದರು.

“ಮೊದಲೆಲ್ಲಾ ದೂರದ ಊರಿಗೆ ಹೋಗಬೇಕಿತ್ತು ತಮ್ಮಾ. ಬಸ್ ಚಾರ್ಜಿಗೇ ಕೂಲಿಯೆಲ್ಲಾ ಹೋಗ್ತಿತ್ತು. ದುಡ್ಡಿಲ್ಲದ ತಿಂಗಳು ಗುಳಿಗೀನೂ ಇಲ್ಲ” ಎಂದರು ಆ ತಾಯಿ.

ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ‘ಮನೋಚೈತನ್ಯ’ ಯೋಜನೆ ನಮ್ಮ ರಾಜ್ಯದಲ್ಲಿ 2014ರಲ್ಲಿ ಆರಂಭವಾಯಿತು. ಆದರೆ ಈ ವಿಚಾರದ ಬೇರು ಇನ್ನೂ ಹಿಂದಿನದು; ದೂರದ್ದೂ ಅಲ್ಲ. ಹರಿಹರದಿಂದ ಉತ್ತರಕ್ಕೆ ಸಾಗಿದರೆ ಹರಪನಹಳ್ಳಿ. ಅದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1985ರಿಂದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗ ಚಿಕಿತ್ಸೆಯನ್ನು ಹಳ್ಳಿಯ ಸಮೀಪಕ್ಕೆ ತಂದಿತು. 1996ರಲ್ಲಿ ಕೇಂದ್ರ ಸರ್ಕಾರವು ಅದೇ ಮಾದರಿಯನ್ನು ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸತೊಡಗಿತು. ದಾವಣಗೆರೆ ಜಿಲ್ಲೆಯಲ್ಲಿ 2016ರಲ್ಲಿ ಎ.ಪಿ.ಡಿ. ಸಂಸ್ಥೆಯು ‘ಲಿವ್ ಲವ್ ಲಾಫ್’ ಪ್ರತಿಷ್ಠಾನದ ನೆರವಿನಿಂದ ರೋಗಿಗಳ ಮನೆಬಾಗಿಲಿಗೆ ಹೋಗುವ ಕಾರ್ಯ ಕೈಗೊಂಡಿತು.

ಇಂತಹ ಸೇವೆಯ ಸಾರ್ಥಕತೆಯನ್ನು ಅಳೆಯುವುದು ಹೇಗೆ? ಶಿಬಿರಗಳೆಷ್ಟು, ಹಂಚಿದ ಮಾತ್ರೆಗಳೆಷ್ಟು ಎಂಬ ಲೆಕ್ಕವಷ್ಟೇ ಸಾಲದು. ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಜ್ಞರು ರೋಗಿಗಳ ಕುಟುಂಬಗಳು ಕೈಯಿಂದ ಮಾಡುವ ವೆಚ್ಚವನ್ನೇ ಪರಿಶೀಲಿಸಿದರು. ಸೇವೆ ಸಮೀಪದಲ್ಲಿ ದೊರೆತಾಗ ಆ ಹೊರೆ ಇಳಿದುದನ್ನು ಕಂಡರು. ಆ ತಾಯಿಯ ಮಾತೂ ಅದೇ ಅಲ್ಲವೆ?

ಆದರೆ ಖರ್ಚು ಇಳಿದರೆ ಮುಗಿಯಿತೆ? ರೋಗಿ ಮರಳಿ ದುಡಿಮೆಗೆ ತೊಡಗಿದನೆ? ಮದುವೆ, ಜಾತ್ರೆಗಳಿಗೆ ಬಂಧುಗಳು ಅವನನ್ನೂ ಕರೆದರೆ? ಅವನನ್ನು ಕಾಯುವ ತಾಯಿ ರಾತ್ರಿ ನಿದ್ರಿಸಿದಳೆ? ಸಮುದಾಯದಲ್ಲಿ ಬಾಳುವುದು ಮನೋರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಸಾರಿದೆ. ವೈದ್ಯರು ಔಷಧ ಕೊಟ್ಟಾರು. ಆದರದಿಂದ ಮಣೆ ಹಾಕಿ ಕೂರಿಸಬೇಕಾದವರು ನಾವು. ಕಾಯಕವನ್ನು ಕೈಲಾಸವೆಂದು ನಂಬಿದ ನಮಗೆ, ಚೇತರಿಸಿಕೊಂಡವನ ಕೈಗೊಂದು ಕಾಯಕ ಕೊಡುವುದೂ ದಾಸೋಹವಲ್ಲವೆ?

ಬಸ್ಸಿನ ಹೊತ್ತಾಯಿತು. ತಾಯಿ ಏಳಲು ಕೈ ಚಾಚಿದರು. ಮಗ ಮೆಲ್ಲನೆ ಹಿಡಿದೆತ್ತಿ, ಬುತ್ತಿಯ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡನು.